ಅಕ್ಕೋರ ಹೆಸರಿನ ಭಾನುವಾರ

ಕಳೆದ ತಿಂಗಳು ಸೇಡಂನ ನಮ್ಮ ಉಪಕರಣದ ಕೋಣೆಯಲ್ಲಿ ಫೈಬರಿನ ತುದಿ ಒರೆಸಲೆಂದು ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುವಿದೆ. ದವಾಖಾನೆಯಲ್ಲಿ ಸೂಜಿ ಚುಚ್ಚುವ ಮುಂಚೆ ಹತ್ತಿಗೆ ಹಾಕುತ್ತಾರಲ್ಲ, ಅದೇ ತಣ್ಣಗಿನ, ಮೂಗಿಗೇರುವ ವಾಸನೆ. ನನ್ನ ಕೆಲಸದಲ್ಲಿ ಅದು ದಿನವೂ ಇದ್ದದ್ದೇ. ಆದರೆ ಅವತ್ತು ಯಾಕೋ ಬಾಟಲಿ ಕೆಳಗಿಟ್ಟು ಹಾಗೇ ಕುಳಿತುಬಿಟ್ಟೆ. ಮೊದಲು ಕೆಲಸ ಮಾಡುತ್ತಿದ್ದ ವಾಡಿಯ ಕೋಣೆ ನೆನಪಾಯಿತು. ಅಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಬರುತ್ತಿದ್ದದ್ದು ಈ ವಾಸನೆಯೇ... ಅಂದರೆ ಅಕ್ಕೋರು ನನಗಿಂತ ಮುಂಚೆ ಬಂದು ಕೆಲಸಕ್ಕೆ ಕೂತಿದ್ದಾರೆ ಎಂದರ್ಥ.

ಅವರು ಮೊದಲು ಶಹಾಬಾದಿನ ಒಂದು ಐಟಿಐಯಲ್ಲಿ ಪಾಠ ಹೇಳುತ್ತಿದ್ದರಂತೆ. ಆ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದರೂ ನಮ್ಮ ಕಡೆ ಟೀಚರಮ್ಮನಿಗೆ ಹೇಳುವ ‘ಅಕ್ಕೋರು’ ಎಂಬ ಹೆಸರು ಅವರನ್ನು ಬಿಡಲಿಲ್ಲ. ಶಹಾಬಾದಿನ ಪಕ್ಕದ ಭಂಕೂರಿನವರು. ಅಜ್ಜ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದರು, ಅಪ್ಪ ಕಲ್ಲಿನ ಗಣಿಗೆ ಹೋಗುತ್ತಿದ್ದರು. ಓದಿ ಉಪಕರಣ ಮುಟ್ಟಿದವರು ಆ ಮನೆಯಲ್ಲಿ ಇವರೇ ಮೊದಲು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೆ ನಾನು ಕಾಯಂ ನೌಕರ, ಅವರು ಗುತ್ತಿಗೆದಾರನ ಕಡೆಯವರು. ಹಾಗಾಗಿ ಅವರು ನನ್ನನ್ನು ಸರ್ ಎನ್ನುತ್ತಿದ್ದರು. ನಾನು ಅದನ್ನು ಬೇಡವೆನ್ನಲಿಲ್ಲ.

ನಮ್ಮ ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯೊಳಗೆ, ಅದೇ ಫೈಬರಿನೊಳಗೆ, ಎಂಟು ಬೆಳಕುಗಳನ್ನು ಒಟ್ಟಿಗೆ ಕಳಿಸುತ್ತೇವೆ. ಒಂದೊಂದರ ಅಲೆಯ ಉದ್ದ ಬೇರೆ. ಕಣ್ಣಿಗೆ ಕಾಣದಿದ್ದರೂ ನಾವು ಅವನ್ನು ಬಣ್ಣ ಎಂದೇ ಕರೆಯುತ್ತೇವೆ. ವಾಡಿಯಲ್ಲಿ ಅವನ್ನು ಕೂಡಿಸುವ ಪೆಟ್ಟಿಗೆ, ಚಿಂಚೋಳಿಯಲ್ಲಿ ಬಿಡಿಸುವ ಪೆಟ್ಟಿಗೆ. ಒಂದು ಬಣ್ಣದ ಮೇಲೆ ಬ್ಯಾಂಕು, ಒಂದರ ಮೇಲೆ ತಾಲೂಕು ಕಚೇರಿ, ಒಂದರ ಮೇಲೆ ದವಾಖಾನೆ, ಉಳಿದವುಗಳ ಮೇಲೆ ಮೊಬೈಲ್ ಟವರುಗಳು. ನಾನು ಪುಸ್ತಕದಲ್ಲಿ ಓದಿ ಬಂದಿದ್ದೆ. ಕೈಯಲ್ಲಿ ಹಿಡಿದು ಕಲಿಸಿದವರು ಅಕ್ಕೋರು. ತುದಿ ಒರೆಸಬೇಕು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಮತ್ತೆ ಒರೆಸಬೇಕು. ಬೆಳಕು ಕಳಿಸುವ ಕಾರ್ಡು ಕೆಟ್ಟಿದೆ ಎಂದು ನಾನು ಎದ್ದರೆ, “ಕುಂದ್ರಿ ಸರ್, ಮೊದಲು ಎಳೀ ನೋಡೂಣು” ಎನ್ನುತ್ತಿದ್ದರು.

ಅದು ಬೇಸಗೆ. ಒಂದು ಶನಿವಾರ ಅವರು ಸಂಕೋಚದಿಂದ ಕೇಳಿದರು. “ಸರ್, ನಾಳೆ ಐತವಾರ ನನ್ನ ಪಾಳಿ ಅದ. ಗುಂಡಗುರ್ತಿಯಾಗ ತಂಗೀ ಕುಬಸ. ಜರಾ ನೀವು ನೋಡ್ಕೋತೀರೇನ್ರಿ?”

ಅದಕ್ಕೇನಂತೆ, ಸೀಮಂತಕ್ಕೆ ಹೋಗಿ ಬನ್ನಿ ಎಂದೆ. ಪಾಳಿಯ ಪಟ್ಟಿ ಗೋಡೆಯ ಮೇಲಿತ್ತು. ತಿದ್ದುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಭಾನುವಾರ ನಾನೊಬ್ಬನೇ. ಹೊಸ ಸಂಪರ್ಕಕ್ಕೆಂದು ರ‍್ಯಾಕಿನಲ್ಲಿ ಒಂದು ಹಳದಿ ಎಳೆ ಹಾಕುವುದಿತ್ತು. ಹಾಕಿದ ಮೇಲೆ ಎಲ್ಲ ಎಳೆಗಳೂ ನೀಟಾಗಿ ಕಾಣಲಿ ಎಂದು ಒಟ್ಟಿಗೆ ಹಿಡಿದು ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಾಗಿ ಎಳೆದೆ. ಕಟ್ಟು ಸ್ವಲ್ಪ ಮುಂದಕ್ಕೆ ಚಾಚಿತ್ತು, ರ‍್ಯಾಕಿನ ಬಾಗಿಲು ಕೂರಲಿಲ್ಲ. ಮೊಣಕಾಲಿನಿಂದ ಒತ್ತಿ ಮುಚ್ಚಿದೆ. ಅಕ್ಕೋರು ಎಂದೂ ಹಾಗೆ ಬಿಗಿಯುತ್ತಿರಲಿಲ್ಲ. ಮೆತ್ತಗಿನ ಪಟ್ಟಿಯಲ್ಲಿ ಸಡಿಲವಾಗಿ ಸುತ್ತುತ್ತಿದ್ದರು. ಅದು ನನಗೆ ಗೊತ್ತಿತ್ತು.

ಸೋಮವಾರ ಚಿಂಚೋಳಿಯಿಂದ ದೂರು ಶುರುವಾಯಿತು. ದವಾಖಾನೆಯ ಬಣ್ಣ ಸತ್ತಿತು. ಸ್ವಲ್ಪ ಹೊತ್ತಿನಲ್ಲಿ ಅದರ ಪಕ್ಕದ್ದು. ನಾವು ಓಡಿ ರ‍್ಯಾಕಿನ ಬಾಗಿಲು ತೆಗೆದು ಅಳೆದರೆ ಎಲ್ಲ ಸರಿ. ಬಾಗಿಲು ಮುಚ್ಚಿ ಚಹಾಕ್ಕೆ ಹೋದರೆ ಮತ್ತೆ ಹೋಯಿತು. ಕಾರ್ಡು ಬದಲಿಸಿದೆವು, ಪ್ರಯೋಜನವಾಗಲಿಲ್ಲ. ಚಂದ್ರಂಪಳ್ಳಿ ಕಡೆ ರಸ್ತೆ ಅಗೆಯುತ್ತಿದ್ದಾರೆ, ಅಲ್ಲಿ ಕೇಬಲ್ಲಿಗೆ ಪೆಟ್ಟು ಬಿದ್ದಿರಬೇಕು ಎಂದು ಮಂಗಳವಾರ ಇಡೀ ದಿನ ಜೀಪಿನಲ್ಲಿ ಸುತ್ತಿದೆವು. ಎಲ್ಲೂ ಏನೂ ಇರಲಿಲ್ಲ. ಬುಧವಾರ ಕಲಬುರಗಿಯಿಂದ ಸಾಹೇಬರೇ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಅಳತೆಗೆಂದು ಅಕ್ಕೋರನ್ನು ಚಿಂಚೋಳಿಗೆ ಕಳಿಸಿದ್ದರು.

ಮಧ್ಯಾಹ್ನ ಅವರ ಫೋನು ಬಂತು. ಸಾಹೇಬರು ಸ್ಪೀಕರಿಗೆ ಹಾಕೆಂದರು.

“ಸರ್, ಎಂಟೂ ಅಳದೀನ್ರಿ. ಗಿಡ್ಡ ಅಲೀ ಬಣ್ಣ ಜರಾ ಕಮ್ಮಿ ಆಗ್ಯಾವ. ಉದ್ದ ಆದಂಗ ಆದಂಗ ಭಾಳ ಕಮ್ಮಿ. ಕಾರ್ಡು ಕೆಟ್ರ ಹಿಂಗ ಇಳಕಲ ಇಳದಂಗ ಆಗಂಗಿಲ್ರಿ. ಎಲ್ಲ್ಯೋ ಎಳೀ ಮುರದಂಗ ಬಾಗೇದ. ನೀವು ರ‍್ಯಾಕಿನ ಬಾಗಲಾ ತೆಗೀರಿ.”

ತೆಗೆದೆ.

“ಏರಿತ್ರಿ. ಈಗ ಮುಚ್ರಿ.”

ಮುಚ್ಚಿದೆ.

“ಇಳೀತ್ರಿ. ನಿಮ್ಮ ಕಡೇನೇ ಅದರಿ ಸರ್.”

ನಾನು ಬಿಗಿದ ಕಟ್ಟನ್ನು ಬಾಗಿಲು ಒತ್ತುತ್ತಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ಬಾಯಿಂದ ಮಾತು ಬರಲಿಲ್ಲ. ಬಾಗಿಲು ತೆಗೆದು ಟ್ಯಾಗ್ ಕತ್ತರಿಸಿದೆ. ಎಂಟೂ ಬಣ್ಣ ಜೀವ ಪಡೆದವು. ಸಾಹೇಬರು ಬಗ್ಗಿ ಆ ಕತ್ತರಿಸಿದ ಟ್ಯಾಗನ್ನು ಎತ್ತಿಕೊಂಡು ಕೇಳಿದರು. “ಇದನ್ನ ಯಾರು ಬಿಗದವರು?”

“ಗೊತ್ತಿಲ್ಲ ಸರ್” ಎಂದೆ.

ಅಷ್ಟೇ. ಹೆದರಿಕೆಯಿಂದ ಜಾರಿದ ಮಾತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಒಂದಿಡೀ ರಾತ್ರಿ ಸಮಯವಿತ್ತು.

ಮರುದಿನ ಬೆಳಗ್ಗೆ ಸಾಹೇಬರು ಗೋಡೆಯ ಪಟ್ಟಿಯ ಮುಂದೆ ನಿಂತಿದ್ದರು. ಅಕ್ಕೋರು ಆಗಷ್ಟೇ ಬಂದು ಚೀಲ ಇಡುತ್ತಿದ್ದರು. “ಐತವಾರ ಇಲ್ಲಿ ಇದ್ದವರು ನೀವೇನ್ರಿ?” ಎಂದು ಸಾಹೇಬರು ಕೇಳಿದರು. ಅಕ್ಕೋರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗ ಎದ್ದು ನಿಲ್ಲಲಿ ಎಂದು ಕಾಯುತ್ತಾರಲ್ಲ, ಹಾಗೆ. ನಾನು ನೆಲದ ಶಹಾಬಾದಿ ಕಲ್ಲನ್ನು ನೋಡುತ್ತಿದ್ದೆ...

“ಪಟ್ಟಿಯಾಗ ನಂದೇ ಹೆಸರು ಅದರಿ” ಎಂದರು ಅಕ್ಕೋರು.

ಶುಕ್ರವಾರ ಗುತ್ತಿಗೆದಾರ ಅವರನ್ನು ಕೆಲಸದಿಂದ ಬಿಡಿಸಿದ. ಅವರು ತಮ್ಮ ಊಟದ ಡಬ್ಬಿ, ಒಂದು ಶಾಲು ತೆಗೆದುಕೊಂಡರು. ಹೋಗುವಾಗ ನನ್ನ ಹತ್ತಿರ ಬಂದು, “ಸರ್, ಕೆಳಗಿನ ಸಾಲಿನ ಎರಡು ತುದಿ ಒರಸೂದು ಉಳದದ. ನೋಡ್ಕೋರಿ” ಎಂದರು. ಬೇರೇನೂ ಹೇಳಲಿಲ್ಲ.

ಎರಡು ವರ್ಷ ನಾನು ಶಹಾಬಾದಿನಲ್ಲಿ ಇಳಿಯುವುದನ್ನೇ ತಪ್ಪಿಸಿದೆ. ಆಮೇಲೊಂದು ದಿನ ತಡೆಯಲಾರದೆ ಭಂಕೂರಿಗೆ ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸರು, ಫ್ಯಾನುಗಳ ನಡುವೆ ಕುಳಿತು ರಿಪೇರಿ ಮಾಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. “ಬರ್ರಿ ಸರ್, ಚಿಂಚೋಳಿ ಲೈನು ಹೆಂಗದರಿ?” ಎಂದು ಕೇಳಿದರು.

“ಅಕ್ಕೋರೆ, ಆ ಟ್ಯಾಗ್ ಬಿಗದವ ನಾನು.”

“ಗೊತ್ತದರಿ. ಫೋನಿನಾಗ ನೀವು ಸುಮ್ಮನಾದ್ರಲ್ಲ, ಆಗೇ ತಿಳೀತು.”

“ಮತ್ತ ಯಾಕ ಹೇಳಲಿಲ್ರಿ?”

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. “ನಾನು ಹೇಳಿದ್ರ ಪಾಳಿ ಬಿಟ್ಟು ಹೋಗಿದ್ದೆ ಅಂತಾಗ್ತಿತ್ತು. ಹೆಂಗೂ ಬಿಡಸ್ತಿದ್ರು. ನಾನೇ ಕಳಿಸಿದ್ದೆ ಅಂತ ನೀವು ಹೇಳಿದ್ರ ಇಬ್ಬರೂ ಉಳೀತಿದ್ದೆವು. ನೀವು ಕಾಯಂ ಮನಷ್ಯಾ, ಬೈಗಳ ತಿಂದು ಮುಗೀತಿತ್ತು. ಹೇಳ್ತೀರಂತ ಕಾದೆ.”

ಈಗಲಾದರೂ ಸಾಹೇಬರಿಗೆ ಬರೆದು ಕೊಡುತ್ತೇನೆ ಎಂದೆ. ಬೇಡ, ಆದದ್ದು ಆಗಿಹೋಯಿತು ಎನ್ನುತ್ತಾರೆಂದು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಹಾಗೆನ್ನಲಿಲ್ಲ.

“ಬರದು ಕೊಡ್ರಿ ಸರ್. ಕೆಲಸ ಸಿಗ್ತದಂತಲ್ಲ. ಅಕ್ಕೋರಿಗೆ ಕೆಲಸ ಬರಂಗಿಲ್ಲ ಅಂತ ಗುತ್ತಿಗೆದಾರ ಎಲ್ಲಾ ಕಡೆ ಹೇಳ್ಯಾನ. ಅದು ಖರೇ ಅಲ್ಲಂತ ಒಂದು ಕಾಗದ ಇರಲಿ.”

ಚಹಾ ಕೊಟ್ಟರು, ಕುಡಿದು ಬಂದೆ. ಮನೆಗೆ ಬಂದು ಎರಡು ಸಾಲು ಬರೆದೆ. ಆ ತಿಂಗಳು ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಇತ್ತು. ಅದು ಮುಗಿಯಲಿ ಎಂದುಕೊಂಡೆ. ಬಡ್ತಿ ಬಂತು, ಸೇಡಂಗೆ ವರ್ಗವಾಯಿತು, ಮಗಳ ಶಾಲೆ, ಮನೆ... ಮೊದಲ ದಿನದ ಸುಳ್ಳಿಗಿಂತ ಈ ತಡ ದೊಡ್ಡದು ಎಂದು ಈಗ ಅನ್ನಿಸುತ್ತದೆ. ಸುಳ್ಳು ಒಂದು ಸಲ ಹೇಳಿದ್ದು. ತಡವನ್ನು ಪ್ರತಿದಿನ ಮಾಡಿದೆ. ಹೋದ ವರ್ಷ ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ವಾಡಿಯ ಹಳೆಯ ಸಹೋದ್ಯೋಗಿಯೊಬ್ಬ ಸಿಕ್ಕು, ಮಾತಿನ ನಡುವೆ, ಅಕ್ಕೋರು ಎದೆನೋವಿನಿಂದ ತೀರಿಕೊಂಡರು ಎಂದ. ಅವತ್ತೂ ನಾನು ಬರೆಯಲಿಲ್ಲ.

ಸೇಡಂನ ಆ ಕೋಣೆಯಲ್ಲಿ ಕುಳಿತು ಕಳೆದ ತಿಂಗಳು ಕೊನೆಗೂ ಬರೆದೆ. ಒಂದು ಪುಟವೂ ತುಂಬಲಿಲ್ಲ. ಕಲಬುರಗಿಯ ಕಚೇರಿಯಲ್ಲಿ ಕೊಟ್ಟೆ. ಹಳೆಯ ಸಾಹೇಬರು ನಿವೃತ್ತರಾಗಿದ್ದರು. ಈಗಿನವರು ಓದಿ, “ಇದಕ್ಕೀಗ ಏನ್ ಮಾಡೂದ್ರಿ?” ಎಂದು ಫೈಲಿಗೆ ಸೇರಿಸಲು ಹೇಳಿದರು. ಒಂದು ಪ್ರತಿ ತೆಗೆದುಕೊಂಡು ಭಂಕೂರಿಗೆ ಹೋದೆ.

ಅಕ್ಕೋರ ಮಗಳು ಬಾಗಿಲಲ್ಲೇ ನಿಂತು ಓದಿದಳು. ಎರಡು ಸಲ ಓದಿದಳು. ಆಮೇಲೆ ತಾಯಿಯಂತೆಯೇ, ಸಿಟ್ಟಿಲ್ಲದೆ ಕೇಳಿದಳು. “ಅವ್ವ ಇದ್ದಾಗ ಯಾಕ ತರಲಿಲ್ರಿ?”

ಅವಳು ಸ್ವಲ್ಪ ಹೊತ್ತು ಕಾದಳು. ನಂತರ ಕಾಗದ ಮಡಚಿಕೊಂಡು ಒಳಗೆ ಹೋದಳು. ನಾನು ಚಪ್ಪಲಿ ಮೆಟ್ಟಿ ಶಹಾಬಾದಿನ ದಾರಿ ಹಿಡಿದೆ.