ಯಾಕಮ್ಮನ ಬರವಣಿಗೆ ಕೊಠಡಿ

ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದೆ ಮುರಿದ ಕುರ್ಚಿಗಳನ್ನು ತುಂಬಿಡುತ್ತಿದ್ದ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿಸಿ ‘ಬರವಣಿಗೆ ಕೊಠಡಿ’ ಎಂದು ಬೋರ್ಡು ತೂಗುಹಾಕಿದರು. ಆದರೆ ಅಲ್ಲಿ ಕೂತು ವಿದ್ಯಾರ್ಥಿಗಳ ಪ್ರಬಂಧ ತಿದ್ದಿಕೊಡಲು ಯಾವ ಮೇಷ್ಟರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ಆ ಕೆಲಸ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದ ಹೆಂಗಸಿನ ಪಾಲಿಗೆ ಬಂತು.

ಮದುವೆ ಪತ್ರಿಕೆಯಿಂದ ಹಿಡಿದು ಕಾನೂನು ಪುಸ್ತಕದವರೆಗೆ ಎಲ್ಲವನ್ನೂ ಓದಿ ಪಳಗಿದವಳು. ಅಚ್ಚುಕೂಟ ಮುಚ್ಚಿದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂತಿದ್ದಳು. ಕಾಗುಣಿತ ತಪ್ಪಿದರೆ ಅವಳಿಗೆ ಅಷ್ಟೇನೂ ಬೇಸರವಿಲ್ಲ. ಬರೆದವರು ಇದನ್ನು ಬರೆದದ್ದಾದರೂ ಯಾಕೆ ಎಂಬುದು ತಿಳಿಯದಿದ್ದರೆ ಮಾತ್ರ ತಲೆ ಕೆಡುತ್ತಿತ್ತು. ಯಾರು ಪ್ರಬಂಧ ತಂದರೂ ಮೊದಲು ಕೇಳುತ್ತಿದ್ದುದು ಅದನ್ನೇ. ಹಾಗಾಗಿ ಹುಡುಗರು ಬೆನ್ನ ಹಿಂದೆ ಅವಳಿಗೆ ‘ಯಾಕಮ್ಮ’ ಎಂದು ನಾಮಕರಣ ಮಾಡಿದರು. ಅದು ಕಿವಿಗೆ ಬಿದ್ದ ದಿನ ಮನೆಗೆ ಹೋಗಿ ಗಂಡನಿಗೆ ಹೇಳಿ ನಕ್ಕಳು. ದರ್ಜಿ ಗಂಡ ಸೂಜಿಗೆ ದಾರ ಪೋಣಿಸುತ್ತಲೇ, ತನ್ನನ್ನು ಕೇಳಿದ್ದರೆ ಮದುವೆಯಾದ ವಾರದಲ್ಲೇ ಈ ಹೆಸರು ಹೇಳಿಬಿಡುತ್ತಿದ್ದೆ ಎಂದ.

ಯಾಕಮ್ಮನನ್ನು ಕಾಡುತ್ತಿದ್ದುದು ಒಂದೇ ಸಂಗತಿ. ಕ್ಯಾಂಟೀನಿನಲ್ಲಿ ಈ ಮಕ್ಕಳ ಮಾತು ಕೇಳಬೇಕು: ಎಷ್ಟು ಚುರುಕು, ಎಷ್ಟು ವಾದ, ಎಂಥ ಉದಾಹರಣೆ. ಅದೇ ಮಕ್ಕಳು ಪೆನ್ನು ಹಿಡಿದರೆ ವಾಕ್ಯಗಳಿಗೆ ಜೀವವೇ ಇರುವುದಿಲ್ಲ. ಕ್ಯಾಂಟೀನಿನ ಮೇಜಿನಿಂದ ಕಾಗದಕ್ಕೆ ಬರುವ ಅಷ್ಟು ಚಿಕ್ಕ ದಾರಿಯಲ್ಲಿ ಏನು ಸೋರಿಹೋಗುತ್ತದೆ?

ಹೀಗಿರುವಾಗ ಸಮಾಜಶಾಸ್ತ್ರದ ಎಂ.ಎ. ಹುಡುಗಿಯೊಬ್ಬಳು ಚಕ್ರದ ಸೂಟ್‌ಕೇಸಿನಲ್ಲಿ ಪುಸ್ತಕ ತುಂಬಿಕೊಂಡು ಎಳೆಯುತ್ತಾ ಬಂದಳು. ಜನ ಪಾದಚಾರಿ ಮೇಲ್ಸೇತುವೆ ಇದ್ದರೂ ಅದನ್ನು ಬಿಟ್ಟು ವಾಹನಗಳ ನಡುವೆ ಯಾಕೆ ರಸ್ತೆ ದಾಟುತ್ತಾರೆ ಎಂಬುದು ಅವಳ ವಿಷಯ. ಜನರಿಗೆ ಶಿಸ್ತಿಲ್ಲ ಎಂಬುದು ಪ್ರಬಂಧದ ಸಾರ. ಯಾಕಮ್ಮ ಪುಟಪುಟವಾಗಿ ಓದಿದಳು. ಅವರು ಹೀಗೆಂದಿದ್ದಾರೆ, ಇವರು ಹಾಗೆಂದಿದ್ದಾರೆ, ಅಡಿಟಿಪ್ಪಣಿಗಳೆಲ್ಲ ಅಚ್ಚುಕಟ್ಟು.

“ಎಲ್ಲರೂ ಮಾತಾಡಿದಾರೆ. ನೀನೆಲ್ಲಿದೀಯಮ್ಮ ಇದರಲ್ಲಿ?”

ಹುಡುಗಿ ತಬ್ಬಿಬ್ಬಾದಳು. “ನಾನು ಹೇಳಿದ್ರೆ ಯಾರು ಒಪ್ತಾರೆ ಮೇಡಂ? ಅದಕ್ಕೇ ಇವರನ್ನೆಲ್ಲ ಕರ್ಕೊಂಡು ಬಂದಿರೋದು.”

ಯಾಕಮ್ಮನಿಗೆ ಏನೋ ಹೊಳೆದಂತಾಯಿತು. ಸೋರಿಹೋಗುತ್ತಿದ್ದುದು ಧೈರ್ಯವಿರಬಹುದೇ? ಅಂಥ ಸೇತುವೆಯೊಂದರ ಮುಂದೆ ಎಂದಾದರೂ ನಿಂತು ನೋಡಿದ್ದೀಯಾ ಎಂದು ಕೇಳಿದಳು. ಹುಡುಗಿ ದಿನಾ ಅಂಥದ್ದೊಂದರ ಕೆಳಗೇ ಬಸ್ಸಿನಲ್ಲಿ ಹಾದುಹೋಗುತ್ತಿದ್ದಳು, ಇಳಿದು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಸೇತುವೆಯ ಬುಡದಲ್ಲಿ ನಿಂತರು. ಜನ ಮೆಟ್ಟಿಲ ಕಡೆ ತಿರುಗಿಯೂ ನೋಡದೆ ರಸ್ತೆಗೆ ನುಗ್ಗುತ್ತಿದ್ದರು. ತಾನು ಬರೆದದ್ದೇ ಸರಿ ಎಂಬಂತೆ ಹುಡುಗಿ ಯಾಕಮ್ಮನ ಮುಖ ನೋಡಿದಳು. ಸಂಜೆಯೂ ಒಂದು ಸಲ ಬರೋಣ ಎಂದಳು ಯಾಕಮ್ಮ. ಸಂಜೆ ನೋಡಿದರೆ ಅದೇ ಜನ ನಿಧಾನವಾಗಿ ಮೆಟ್ಟಿಲು ಹತ್ತುತ್ತಿದ್ದಾರೆ. ಕೆಲವರು ಸೇತುವೆಯ ನಡುವೆ ನಿಂತು ಗಾಳಿಗೆ ಮುಖವೊಡ್ಡಿದ್ದಾರೆ. ಬೆಳಿಗ್ಗೆ ಬ್ಯಾಗು ಎದೆಗವಚಿಕೊಂಡು ಓಡಿದ್ದ ಹೆಂಗಸೂ ಅಲ್ಲಿದ್ದಳು. ಹುಡುಗಿ ಹಿಂಜರಿಯುತ್ತಲೇ ಹೋಗಿ, ಬೆಳಿಗ್ಗೆ ಯಾಕೆ ಸೇತುವೆ ಹತ್ತಲಿಲ್ಲ ಎಂದು ಕೇಳಿದಳು.

“ಬೆಳಿಗ್ಗೆ ಲೇಟಾದ್ರೆ ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿರ್ತಾನೆ,” ಎಂದಳು ಹೆಂಗಸು. “ಸಂಜೆ ನನ್ನ ಯಾರು ಕೇಳ್ತಾರೆ?”

ಹುಡುಗಿ ಯಾಕಮ್ಮನ ಬಳಿಗೆ ವಾಪಸು ಬಂದಳು. ಸಂಜೆ ಇರುವ ಶಿಸ್ತು ಬೆಳಿಗ್ಗೆ ಎಲ್ಲಿಗೆ ಹೋಗಿರುತ್ತದೆ ಮೇಡಂ, ಹಾಗಾದರೆ ಇದು ಶಿಸ್ತಿನ ಮಾತೇ ಅಲ್ಲವಲ್ಲ ಎಂದು ತನಗೆ ತಾನೇ ಎಂಬಂತೆ ಹೇಳಿಕೊಂಡಳು. ಅದನ್ನೇ ಮೊದಲ ವಾಕ್ಯವಾಗಿ ಬರೆ ಎಂದಳು ಯಾಕಮ್ಮ.

ಆದರೆ ಬರೆಯುವುದು ಅಷ್ಟು ಸಲೀಸಾಗಲಿಲ್ಲ. ಹಳೆಯ ಪ್ರಬಂಧದ ಮುಕ್ಕಾಲು ಭಾಗ ಕೈಬಿಡಬೇಕಾಯಿತು, ತೆಗೆದಿಟ್ಟ ಪುಟಗಳನ್ನು ಹುಡುಗಿ ಮತ್ತೆ ಒಳಗೆ ಸೇರಿಸಲು ನೋಡಿದಳು. ಪುಸ್ತಕಗಳನ್ನು ಎಸೆಯಬೇಕಿಲ್ಲ, ಅವನ್ನು ಎದುರಿಗೆ ಕೂರಿಸಿಕೊಂಡು ಮಾತಾಡು ಎಂದು ಯಾಕಮ್ಮ ಸಮಾಧಾನ ಮಾಡಿದಳು: ಯಾರನ್ನು ಒಪ್ಪುತ್ತೀ, ಯಾರನ್ನು ಎಲ್ಲಿಯವರೆಗೆ ಒಪ್ಪುತ್ತೀ, ಎಲ್ಲಿ ಬೇರೆಯಾಗುತ್ತೀ. ಪ್ರತಿ ಪ್ಯಾರಾವನ್ನೂ ಜೋರಾಗಿ ಓದಿಸಿದಳು. ಉಸಿರು ಕಟ್ಟಿದ ಕಡೆ ವಾಕ್ಯ ಮುರಿದರು. ನಾಲಿಗೆ ತಡವರಿಸಿದ ಕಡೆ ಹುಡುಗಿಗೇ ಆ ವಿಷಯ ಅರ್ಥವಾಗಿಲ್ಲ ಎಂಬುದು ಬಯಲಾಗುತ್ತಿತ್ತು.

ಕೆಲವು ವಾರಗಳ ನಂತರ ಹುಡುಗಿ ಪ್ರಬಂಧ ವಾಪಸು ಹಿಡಿದುಕೊಂಡು ಬಂದಳು, ಸೂಟ್‌ಕೇಸಿಲ್ಲದೆ. ಅಂಕ ಹೇಳಿಕೊಳ್ಳುವಂಥದ್ದೇನಲ್ಲ. ಯಾಕಮ್ಮನ ಮುಖ ಚಿಕ್ಕದಾಯಿತು. ಹುಡುಗಿಯ ಮುಖ ಮಾತ್ರ ಅರಳಿತ್ತು.

“ಕೊನೇ ಪುಟ ನೋಡಿ ಮೇಡಂ. ಇಷ್ಟು ದಿನ ‘ಪರವಾಗಿಲ್ಲ’ ಅಂತ ಗೀಚಿ ಕೊಡ್ತಿದ್ರು. ಈ ಸಲ ನನ್ನ ಜೊತೆ ಜಗಳಕ್ಕೇ ಬಂದಿದಾರೆ.”

ಪ್ರಾಧ್ಯಾಪಕರು ಅರ್ಧ ಪುಟ ಬರೆದಿದ್ದರು. ಸಂಜೆ ವಾಹನ ದಟ್ಟಣೆ ಹೆಚ್ಚಾಗಿ ರಸ್ತೆ ದಾಟಲು ಸಾಧ್ಯವೇ ಆಗದೆ ಜನ ಸೇತುವೆ ಹತ್ತಿರಬಹುದಲ್ಲವೇ? ಒಬ್ಬ ಹೆಂಗಸಿನ ಮಾತನ್ನು ಎಲ್ಲರ ಮಾತು ಎನ್ನುವುದು ಹೇಗೆ?

ಯಾಕಮ್ಮ ಎರಡು ಸಲ ಓದಿದಳು. ಅಷ್ಟು ಹೊತ್ತು ಅಲ್ಲೇ ನಿಂತಿದ್ದರೂ ಇಬ್ಬರೂ ಜನರನ್ನಷ್ಟೇ ನೋಡಿದ್ದರು. ವಾಹನಗಳ ಕಡೆ ಕಣ್ಣೇ ಹೋಗಿರಲಿಲ್ಲ. ಅವಳಿಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು.

“ರಜೆಯ ದಿನ ವಾಹನ ಕಡಿಮೆ ಇರತ್ತಲ್ವಾ?” ಎಂದಳು.

“ಅವತ್ತು ಸೂಪರ್‌ವೈಸರೂ ಇರಲ್ಲ ಮೇಡಂ,” ಎಂದಳು ಹುಡುಗಿ. ಆ ಲೆಕ್ಕ ಅವಳು ಆಗಲೇ ಹಾಕಿಕೊಂಡು ಬಂದಿದ್ದಳು. ವಾಹನದ ದಟ್ಟಣೆ, ಕೆಲಸದ ಅವಸರ ಎರಡೂ ಇಲ್ಲದ ದಿನ ಹೋದರೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ. ರಜೆಯಲ್ಲೂ ಕೆಲಸ ನಡೆಯುವ ಜಾಗ ಬೇಕು. ಆಸ್ಪತ್ರೆಯ ಎದುರಿಗೊಂದು ಮೇಲ್ಸೇತುವೆ ಇದೆಯಂತೆ.

ಯಾಕಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ವಿಚಾರಿಸಿದಳು.