ಸಂಕ ಇಳಿಯುವಲ್ಲಿ ಇದ್ದ ಮಲ್ಲಿಗೆ

ಸೆವ್ರಿನ್ ಬಾಯಮ್ಮ, ಚರ್ಚ್ ಶಾಲೆಯಲ್ಲಿ ನಡೆದ ಆ ಸಭೆಯಲ್ಲಿ ನಾನು ಎದ್ದು ನಿಂತು, ನೀವು ತೋಡು ದಾಟುವ ಸಂಕಕ್ಕೆ ಜಾಗ ಕೊಟ್ಟಿದ್ದೀರಿ ಎಂದು ಹೇಳಿದ್ದು ಸುಳ್ಳು. ನೀವು ಕೊಟ್ಟಿರಲಿಲ್ಲ. ಹಿಂದಿನ ಸಂಜೆಯಷ್ಟೇ ನಿಮ್ಮ ಜಗಲಿಯಲ್ಲಿ ಕೂತು ಕೇಳಿದ್ದೆ, ನೀವು ಆಗುವುದಿಲ್ಲ ಎಂದಿದ್ದಿರಿ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಊರಿಗೆ ಮಾತ್ರ ಗೊತ್ತಿಲ್ಲ. ಇನ್ನೊಂದು ವಿಷಯ ಇದೆ — ಅದು ನಿಮಗೂ ಗೊತ್ತಿಲ್ಲ. ಅದನ್ನೇ ಮೊದಲು ಬರೆಯಬೇಕೆಂದು ಕುಳಿತವಳು ನಾನು. ಕೈ ಬರಲಿಲ್ಲ. ಮುಂದೆ ಬರೆಯುತ್ತೇನೆ, ಬಿಡುವುದಿಲ್ಲ.

ನನಗೆ ಜಂಬ ಹೆಚ್ಚು ಎಂದು ಊರಲ್ಲಿ ಹೇಳುತ್ತಾರೆ. ಹೇಳಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸು ನಾನು. ಎರಡು ತಾಲೂಕುಗಳ ನಡುವೆ ಒಂದು ಸಂಕ ಮಾಡಿಸಿದ್ದೇನೆ. ಜಂಬ ಪಡದೆ ಏನು ಮಾಡಲಿ? ಇವತ್ತಿಗೂ ಆ ಸಂಕದ ಮೇಲೆ ಬೀಡಿಯ ಬುಟ್ಟಿ ಹಿಡಿದು ನಡೆಯುವಾಗ ನನ್ನ ಎದೆ ಉಬ್ಬುತ್ತದೆ. ಇದರಲ್ಲಿ ಸುಳ್ಳು ಹೇಳಲಾರೆ, ಒಮ್ಮೆ ಹೇಳಿದ್ದೇ ಸಾಕಾಗಿದೆ.

ನನ್ನನ್ನು ಪಂಚಾಯತಿಗೆ ಸೇರಿಸಿದ್ದೇ ನಾನು ಮಾತಾಡುವುದಿಲ್ಲ ಎಂಬ ಧೈರ್ಯದಲ್ಲಿ. ನಮ್ಮ ಅಧ್ಯಕ್ಷರು ಅಂಗಳಕ್ಕೆ ಬಂದು, "ಗಿರಿಜಕ್ಕ, ಹೆಂಗಸರ ಸೀಟು ಒಂದು ಖಾಲಿ ಉಂಟು. ನೀವು ಬಂದು ಕೂತರೆ ಆಯ್ತು, ಬೇರೆ ಎಂತ ಕೆಲಸವೂ ಇಲ್ಲ" ಎಂದರು. ನಾನು ಹೋಗಿ ಕೂತೆ. ಒಂದು ವರ್ಷ ಅವರ ಚಹಾ ಕುಡಿದೆ, ತೋರಿಸಿದಲ್ಲಿ ಸಹಿ ಹಾಕಿದೆ. ಆದರೆ ಕಿವಿ ತೆರೆದೇ ಇತ್ತು. ಯಾವ ಮಾತಿಗೆ ಯಾರು ತಲೆಯಾಡಿಸುತ್ತಾರೆ, ಯಾವ ಮಾತನ್ನು ಯಾರು ಮುಂದಿನ ತಿಂಗಳಿಗೆ ತಳ್ಳುತ್ತಾರೆ ಎಂದೆಲ್ಲ ಅಲ್ಲಿ ಕೂತೇ ಕಲಿತೆ.

ತೋಡಿನ ವಿಷಯ ನೆನಪಿದೆಯಲ್ಲ? ನಮ್ಮ ದಡ ಕಾಪು ಕಡೆಯದು, ಆಚೆ ದಡ ಬೆಳ್ಮಣ್ ಕಡೆಯದು. ಚರ್ಚು, ಹೈಸ್ಕೂಲು, ಕಾರ್ಕಳದ ಬಸ್ಸು ಎಲ್ಲವೂ ಆಚೆ. ಮಳೆಗಾಲ ಬಂತೆಂದರೆ ತೆಂಗಿನ ಎರಡು ಮರ ಅಡ್ಡ ಹಾಕಿ, ಅದರ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟುವುದು. ಸಂಕ ಮಾಡಿ ಎಂದರೆ ನಮ್ಮ ಪಂಚಾಯತಿನವರು ಅದು ಆಚೆಯವರ ಕೆಲಸ ಎನ್ನುತ್ತಿದ್ದರು, ಆಚೆಯವರು ಈಚೆಯವರದು ಎನ್ನುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಮಕ್ಕಳು ಒದ್ದೆಯಾಗಿ ಶಾಲೆಗೆ ಹೋಗುತ್ತಿದ್ದವು. ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ನನ್ನ ವನಜ ಕಾಲು ಜಾರಿ ಬಿದ್ದಳು. ನಿಮ್ಮ ಹಿಲ್ಡಾ ಹಿಂದೆಯೇ ಬರುತ್ತಿದ್ದಳು. ಮರದ ಮೇಲೆ ಕವುಚಿ ಮಲಗಿ, ಇವಳ ಜಡೆ ಹಿಡಿದು ಎಳೆದಳು. ಪುಸ್ತಕದ ಚೀಲ ಹೋಯಿತು, ಮಗಳು ಉಳಿದಳು. ಹಿಲ್ಡಾ ಆಗ ಹತ್ತನೆಯಲ್ಲಿ ಓದುತ್ತಿದ್ದಳು.

ಅಲ್ಲಿಂದ ನಾನು ಸುಮ್ಮನೆ ಕೂರಲಿಲ್ಲ. ಎರಡು ಪಂಚಾಯತುಗಳು ಒಂದು ಕಡೆ ಕೂರಬೇಕಾದರೆ ಮೂರನೆಯವರು ಕರೆಯಬೇಕು ಎಂದು ಲೆಕ್ಕ ಹಾಕಿದೆ. ಚರ್ಚಿನ ಒಕ್ಕಲುಗಳು ಎರಡೂ ದಡದಲ್ಲಿ ಇದ್ದಾರಲ್ಲ! ಫಾದರ್ ಬಳಿಗೆ ಹೋದೆ. ಅವರು ಚರ್ಚಿನ ಪಾಲನಾ ಮಂಡಳಿಯ ಮುಂದೆ ವಿಷಯ ಇಟ್ಟರು. ಒಂದೊಂದು ವಾಡೆಯ ಗುರ್ಕಾರರ ಮನೆಗೆ ನಾನೇ ನಡೆದೆ — ಆ ವಾಡೆಯ ಕುಟುಂಬಗಳ ಮುಖಂಡರು ಅವರೇ ತಾನೆ. ಕೆಲವರು ನಕ್ಕರು, ಒಬ್ಬರು "ನಿಮ್ಮ ಪಂಚಾಯತಿನಲ್ಲಿ ಗಂಡಸರು ಇಲ್ಲವಾ?" ಎಂದು ಕೇಳಿದರು. "ಇದ್ದಾರೆ, ಅವರಿಗೆ ಪುರುಸೊತ್ತಿಲ್ಲ" ಎಂದೆ. ಕೊನೆಗೆ ಚರ್ಚಿನ ಗುಡ್ಡೆಯಿಂದ ಕೆಂಪು ಕಲ್ಲು ಕೊಡುವುದೆಂದೂ, ವಾಡೆಯ ಸರದಿಯ ಮೇಲೆ ಶ್ರಮದಾನ ಮಾಡುವುದೆಂದೂ ಮಂಡಳಿ ಒಪ್ಪಿತು. ತಾಲೂಕು ಬೋರ್ಡಿನ ಹಣವೂ ಮಂಜೂರಾಯಿತು. ಫಾದರ್ ಕರೆದ ಮೇಲೆ ಎರಡು ಪಂಚಾಯತಿನವರೂ ಬಾರದಿರಲು ಆಗಲಿಲ್ಲ. ಎರಡು ತಾಲೂಕು, ಒಂದು ಚರ್ಚು — ಮೂವರನ್ನೂ ಒಂದು ಮಾಡಿನ ಕೆಳಗೆ ಕೂರಿಸಿದವಳು ನಾನು. ಆ ದಿನ ಆ ಹಾಲಿನಲ್ಲಿ ಜನ ನೋಡಿ ನನಗೆ ಆದ ಹೆಮ್ಮೆ, ಮಗಳ ಮದುವೆಯಲ್ಲೂ ಆಗಲಿಲ್ಲ.

ಉಳಿದದ್ದು ಒಂದೇ — ಸಂಕ ನಮ್ಮ ದಡದಲ್ಲಿ ಇಳಿಯುವ ಜಾಗ. ನಿಮ್ಮ ಜಾಗ. ಅದಕ್ಕೆ ಹಿಂದಿನ ಸಂಜೆ ನಿಮ್ಮಲ್ಲಿಗೆ ಬಂದೆ. ನೀವು ಬಾಳೆ ನಾರು ನೀರಲ್ಲಿ ನೆನೆಹಾಕುತ್ತಿದ್ದಿರಿ, ಮರುದಿನ ಬೆಳಿಗ್ಗೆ ಹೂ ಕಟ್ಟುವುದಕ್ಕೆ. ನನ್ನ ಮಾತನ್ನು ಪೂರ್ತಿ ಕೇಳಿದಿರಿ. ಆಮೇಲೆ, "ಗಿರಿಜ, ನೀನು ಬೇರೆ ಎಂತ ಬೇಕಾದರೂ ಕೇಳು. ಅಲ್ಲಿ ನನ್ನ ಮಲ್ಲಿಗೆ ಉಂಟಲ್ಲ ಮಾರಾಯ್ತಿ" ಎಂದಿರಿ. "ಬೊಂಬಾಯಿಯಿಂದ ಇವರ ಮನಿಯಾರ್ಡರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಿಲ್ಡಾನ ಕಾಲೇಜು ಆ ಹೂವಿನಲ್ಲೇ ಆಗ್ಬೇಕು. ಇಲ್ಲ, ಆಗುದಿಲ್ಲ."

ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ಹಿಲ್ಡಾಗೆ ಪಿಯುಸಿ ಓದಿ, ಮಣಿಪಾಲಕ್ಕೆ ಹೋಗಿ ನರ್ಸ್ ಆಗುವ ಆಸೆ ಇದೆ ಎಂದೂ ನೀವೇ ಹೇಳಿದಿರಿ. ನಾನು ಕೇಳಿಸಿಕೊಂಡೆ. ಹ್ಞೂಂ ಎಂದೆ. ಹೊರಡುವಾಗ ನೀವು ಮುಡಿಗೆ ಒಂದು ತುಂಡು ಮಲ್ಲಿಗೆಯನ್ನೂ ಕೊಟ್ಟಿರಿ.

ಸಭೆಯಲ್ಲಿ ಎಲ್ಲವೂ ಸುಸೂತ್ರವಾಗಿ ಸಾಗುತ್ತಿತ್ತು. ಕಲ್ಲು ಆಯಿತು, ಆಳು ಆಯಿತು, ಎರಡು ಪಂಚಾಯತುಗಳ ಪಾಲೂ ತೀರ್ಮಾನವಾಯಿತು. ಆಗ ನಮ್ಮ ಅಧ್ಯಕ್ಷರು ಶಾಲು ಸರಿ ಮಾಡಿಕೊಂಡು, "ನಮ್ಮ ಕಡೆಯಲ್ಲಿ ಜಾಗದ್ದೇ ತಾಪತ್ರಯ. ಬರುವ ವರ್ಷ ನೋಡುವ" ಎಂದುಬಿಟ್ಟರು. ಬರುವ ವರ್ಷ! ಮಾರ್ಚ್ ಮುಗಿದರೆ ಬೋರ್ಡಿನ ಹಣ ಹಿಂದೆ ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು. ಆಚೆಯವರು ಆಗಲೇ ಕೊಡೆ ಹುಡುಕಿಕೊಂಡು ಏಳತೊಡಗಿದ್ದರು. ಅಷ್ಟು ಮನೆಗಳ ಮೆಟ್ಟಿಲು ಹತ್ತಿ ಇಳಿದದ್ದು, ನಗೆಗೀಡಾದದ್ದು, ನನ್ನ ಮಗಳ ಜಡೆ — ಎಲ್ಲ ಒಟ್ಟಿಗೆ ತಲೆಗೆ ಏರಿತು. ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ ಎಂದು ಬರೆಯಬಹುದಿತ್ತು. ಆದರೆ ತಿಳಿದಿತ್ತು, ಬಾಯಮ್ಮ. ಚೆನ್ನಾಗಿ ತಿಳಿದೇ ಎದ್ದೆ.

"ಜಾಗ ಉಂಟು. ಸೆವ್ರಿನ್ ಬಾಯಮ್ಮ ಕೊಟ್ಟಾಯ್ತು."

ಚಪ್ಪಾಳೆ ಬಿತ್ತು. ಎದ್ದವರು ಕೂತರು. ಫಾದರ್ ವೇದಿಕೆಯಿಂದ ಇಳಿದು ಹೆಂಗಸರ ಬೆಂಚಿನ ಕಡೆ ಬಂದರು, ನಿಮ್ಮೆದುರು ಕೈ ಮುಗಿದರು. "ಹೌದಾ ಬಾಯಿ?" ಎಂದು ಕೇಳಿದರು. ನೀವು ಎದ್ದಿರಿ. ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ನಾನು ಕಣ್ಣು ತಗ್ಗಿಸಲಿಲ್ಲ. ಅದೊಂದು ಮಾಡಿದ್ದರೂ ನಿಮಗೆ ಇಲ್ಲ ಎನ್ನಲು ಒಂದು ದಾರಿ ಇರುತ್ತಿತ್ತೋ ಏನೋ.

"ಗಿರಿಜ ಹೇಳಿದ ಮೇಲೆ ಹೌದು, ಫಾದರ್."

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ನಾನು ಮಾಡಿದ್ದು ಅದೇ. ವಾಪಸು ಬರುವಾಗ ಇಬ್ಬರೂ ಒಟ್ಟಿಗೇ ಬಂದೆವು, ನೆನಪಿದೆಯಾ? ನಿಮ್ಮ ಬೇಲಿಯ ದಣಪೆಯ ಹತ್ತಿರ ನಿಂತು ನೀವು ಹೇಳಿದಿರಿ, "ಅಷ್ಟು ಜನ ಗಂಡಸರ ಎದುರು ನಿನ್ನ ಮಾತು ಬೀಳ್ಬಾರ್ದು ಅಂತ ಕಂಡಿತು. ಇನ್ನು ಈ ವಿಷಯ ತೆಗಿಬೇಡ." ನಾನು ತೆಗೆಯಲಿಲ್ಲ. ತೆಗೆಯದಿರುವುದು ನನಗೆ ಬಹಳ ಅನುಕೂಲವೂ ಆಗಿತ್ತು.

ಸಂಕ ಎದ್ದಿತು. ಎಂಥ ಕೆಲಸ ಅದು! ಒಂದು ದಿನ ಚರ್ಚಿನ ವಾಡೆಯವರು ಕಲ್ಲು ಹೊತ್ತರೆ ಮರುದಿನ ನಮ್ಮ ಕಡೆಯ ಗದ್ದೆಯವರು, ಅದರ ಮರುದಿನ ಪೇಟೆಯ ಬ್ಯಾರಿ ಅಂಗಡಿಯವರು ಸಿಮೆಂಟು ಚೀಲ ಇಳಿಸಿಕೊಟ್ಟರು. ಮಧ್ಯಾಹ್ನದ ಗಂಜಿಗೆ ನಿಂತವಳು ನಾನು. ಉದ್ಘಾಟನೆಯ ಮುನ್ನಾದಿನ, ಇಳಿಯುವಲ್ಲಿ ದಾರಿ ಎತ್ತರಿಸಲು ನಿಮ್ಮ ಹಿತ್ತಿಲಿಗೆ ಮಣ್ಣು ಸುರಿದರು. ಮಲ್ಲಿಗೆಯ ಬುಡಗಳನ್ನು ನೀವೂ ಹಿಲ್ಡಾನೂ ಅಗೆದು ಮನೆಯ ಹಿಂದೆ ನೆಟ್ಟಿರಿ. ಹಳೆಯ ಬುಡ, ಜೊತೆಗೆ ಅಲ್ಲಿ ಮರದ ನೆರಳು — ಹಿಡಿಯಲಿಲ್ಲ. ಅಗೆಯುವ ಮೊದಲು ಕೊಯ್ದ ಕೊನೆಯ ಹೂವನ್ನು ಒಂದು ಬಾಳೆಲೆಯಲ್ಲಿ ಸುತ್ತಿ ನನಗೆ ಕಳಿಸಿದಿರಿ. ಅದು ಸಿಟ್ಟಿನದೋ ಪ್ರೀತಿಯದೋ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಉದ್ಘಾಟನೆಯ ದಿನ ಅದನ್ನು ಮುಡಿದುಕೊಂಡು ಫೋಟೋಕ್ಕೆ ನಿಂತೆ.

ಆ ವರ್ಷ ಹಿಲ್ಡಾ ಹತ್ತನೆಯಲ್ಲಿ ಪಾಸಾದಳು. ಜೂನ್‌ನಲ್ಲಿ ಊರ ಮಕ್ಕಳೆಲ್ಲ ಕಾಲು ಒದ್ದೆಯಾಗದೆ ಆಚೆ ಹೋದರು, ನನ್ನ ವನಜಳೂ ಹೋದಳು. ಹಿಲ್ಡಾ ಹೋಗಲಿಲ್ಲ. ಬೀಡಿ ಕಟ್ಟುವುದನ್ನು ಕಲಿಸು ಎಂದು ನೀವು ಅವಳನ್ನು ನನ್ನ ಹತ್ತಿರ ಕಳಿಸಿದಿರಿ. ನಾನು ಕಲಿಸಿದೆ. ಎಲೆ ಕತ್ತರಿಸುವುದು, ಹೊಗೆಸೊಪ್ಪು ಹದವಾಗಿ ತುಂಬುವುದು, ನೂಲು ಸುತ್ತುವುದು ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದೆ. ಗಿರಿಜಕ್ಕ ಬಾಯಮ್ಮನ ಮಗಳಿಗೆ ಒಂದು ದಾರಿ ಮಾಡಿಕೊಟ್ಟಳು ಎಂದು ಜನ ಹೊಗಳಿದರು. ಹೊಗಳಿಕೆಯನ್ನು ನಾನು ಬೇಡ ಎನ್ನಲಿಲ್ಲ, ನನಗೆ ಅದರ ಅಭ್ಯಾಸ ಆಗಿತ್ತು. ಮುಂದಿನ ಪಂಚಾಯತ್ ಚುನಾವಣೆಯಲ್ಲಿ ಹೆಂಗಸರ ಸೀಟಿನಲ್ಲಲ್ಲ, ಗಂಡಸರ ಎದುರೇ ನಿಂತು ಗೆದ್ದೆ. ಹಿಲ್ಡಾ ಎರಡು ವರ್ಷ ಬೀಡಿ ಕಟ್ಟಿ ಆಮೇಲೆ ಬೊಂಬಾಯಿಗೆ ಹೋದಳು, ಯಾರದೋ ಮನೆಯ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ. ವನಜ ಈಗ ಕಾರ್ಕಳದಲ್ಲಿ ಟೀಚರ್.

ಇನ್ನು ನಿಮಗೆ ಗೊತ್ತಿಲ್ಲದ್ದು.

ಸಭೆಗೆ ಮೊದಲು ಬೋರ್ಡಿನ ಓವರ್‌ಸಿಯರ್ ಜಾಗ ನೋಡಲು ಬಂದಿದ್ದರು. ಅವರ ಜೊತೆ ಇದ್ದದ್ದು ನಾನೊಬ್ಬಳೇ. ನಿಮ್ಮ ಹಿತ್ತಿಲು ನೋಡಿದರು, ಆಮೇಲೆ ಸ್ವಲ್ಪ ಮೇಲಕ್ಕೆ ನಡೆದು ನಮ್ಮ ತೆಂಗಿನ ಹಿತ್ತಿಲನ್ನೂ ನೋಡಿದರು. "ಇಲ್ಲಿಯೂ ಆಗ್ತದೆ. ಇಲ್ಲಿ ಕಲ್ಲುಪಾದೆ ಉಂಟು, ಪಂಚಾಂಗ ಹಾಕ್ಲಿಕ್ಕೆ ಇನ್ನೂ ಒಳ್ಳೆಯದು, ಅಡಿ ಗಟ್ಟಿ" ಎಂದರು. ಆಚೆ ದಡದಲ್ಲಿ ಎರಡಕ್ಕೂ ಎದುರು ಇದ್ದದ್ದು ಚರ್ಚಿನ ಜಾಗವೇ, ಅಲ್ಲಿ ತಾಪತ್ರಯ ಇರಲಿಲ್ಲ. ನಾನು, "ಇಲ್ಲಿ ಬೇಡ, ಇಲ್ಲಿ ನೆರೆ ನಿಲ್ತದೆ" ಎಂದೆ. ಪಂಚಾಯತ್ ಮೆಂಬರ್ ಹೇಳಿದ್ದಲ್ಲವಾ, ಅವರು ನಂಬಿದರು. ನಿಮ್ಮ ಹಿತ್ತಿಲೊಂದನ್ನೇ ಬರೆದುಕೊಂಡು ಹೋದರು. ಬಾಯಮ್ಮ, ನಮ್ಮ ಹಿತ್ತಿಲಿಗೆ ನನಗೆ ಬುದ್ಧಿ ತಿಳಿದಂದಿನಿಂದ ನೆರೆ ಬಂದದ್ದಿಲ್ಲ.

ಆ ಜಾಗ ನಮಗೆ ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಸಿಕ್ಕಿ ಹೆಚ್ಚು ದಿನ ಆಗಿರಲಿಲ್ಲ. ತಲೆಮಾರುಗಳಿಂದ ಧಣಿಗಳದ್ದೆಂದು ಗೇಣಿ ಕೊಟ್ಟು ಗೇಯ್ದ ನೆಲ, ಮೊದಲ ಬಾರಿಗೆ ನಮ್ಮದು ಎಂದು ಕರೆದಿದ್ದೆವು. ಅದರಲ್ಲಿ ಒಂದು ಗೇಣು ಬಿಡಲೂ ಮನಸ್ಸು ಬರಲಿಲ್ಲ. ಇದನ್ನು ಕಾರಣ ಎಂದು ಹೇಳುತ್ತಿಲ್ಲ. ನಿಮಗೂ ಅಷ್ಟೇ ನೆಲ ಇತ್ತು. ನಾನು ಕೊಡಲಾರದ್ದನ್ನು ನಿಮ್ಮಿಂದ ಕೊಡಿಸಿ, ನಾನು ಕೊಟ್ಟಂತೆ ಹೆಸರು ತೆಗೆದುಕೊಂಡೆ. ನನ್ನ ಮಗಳ ಜಡೆ ಹಿಡಿದ ಹುಡುಗಿಯ ಓದನ್ನು — ಇಲ್ಲ, ಅದನ್ನು ಹೇಗೆ ಬರೆಯುವುದೆಂದು ಗೊತ್ತಾಗುತ್ತಿಲ್ಲ. ನಮ್ಮ ಹಿತ್ತಿಲಿನ ಆ ಭಾಗದಲ್ಲಿ ಮಲ್ಲಿಗೆ ನೆಡಿ ಎಂದು ಹೇಳಲು ಒಮ್ಮೆ ನಿಮ್ಮ ದಣಪೆಯವರೆಗೆ ಬಂದಿದ್ದೆ. ಈಗ ಯಾಕೆ ಹೀಗೆ ಎಂದು ನೀವು ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತದೆ ಎಂದು ಹೆದರಿ ತಿರುಗಿ ಹೋದೆ.

ಈಗ ಮಂಡಲ ಪಂಚಾಯತ್ ಬಂದಿದೆ. ಹಳೆಯ ಪಂಚಾಯತಿನ ಸದಸ್ಯರಿಗೆ ಬರುವ ಭಾನುವಾರ ಶಾಲು ಹೊದಿಸುತ್ತಾರಂತೆ, ಚರ್ಚ್ ಶಾಲೆಯ ಹಾಲಿನಲ್ಲೇ. ಸಂಕ ಮಾಡಿಸಿದ ಗಿರಿಜಕ್ಕ ಎರಡು ಮಾತು ಆಡಬೇಕು ಎಂದು ಹುಡುಗರು ಬಂದು ಹೇಳಿ ಹೋದರು. ಸಂಕದ ಬಗ್ಗೆ ಮಾತಾಡುವುದೆಂದರೆ ನನಗೆ ಹಬ್ಬ, ನಿಮಗೆ ಗೊತ್ತಲ್ಲ. ಆದರೆ ಈ ಸಲ ಆಡಲು ಕೂತರೆ ಗಂಟಲಲ್ಲಿ ಮೊದಲು ಬರುವುದು ಇದೇ. ಸಭೆಯಲ್ಲಿ ಆಡಿದ ಸುಳ್ಳನ್ನು ಸಭೆಯಲ್ಲೇ ಹೇಳಬೇಕು, ನಿಮ್ಮ ಅಡುಗೆಮನೆಯಲ್ಲಿ ಕೂತು ಅತ್ತರೆ ತೀರುವುದಲ್ಲ. ಓವರ್‌ಸಿಯರ್ ಮಾತನ್ನೂ, ನಮ್ಮ ಹಿತ್ತಿಲನ್ನೂ, ಹಿಲ್ಡಾಳನ್ನೂ ಮೈಕಿನ ಮುಂದೆ ಹೇಳಬೇಕೆಂದು ಇದೆ. ಸಂಕದ ಜಂಬ ಹೋದರೂ ಹೋಗಲಿ — ಪೂರ್ತಿ ಹೋಗುವುದಿಲ್ಲ, ಅಷ್ಟು ಚೆಂದದ ಸಂಕ ಅದು.

ಆದರೆ ಇದರಲ್ಲಿ ನಿಮ್ಮ ಹೆಸರಿದೆ, ನಿಮ್ಮ ಮಗಳ ಹೆಸರಿದೆ. ನಾನು ಹೇಳಿದರೆ ಮರುದಿನ ಊರೆಲ್ಲ ನಿಮ್ಮ ಜಗಲಿಗೆ ಬಂದು, ಆಗ ಯಾಕೆ ಹೌದು ಎಂದಿರಿ ಎಂದು ಕೇಳುತ್ತದೆ. ಹಿಲ್ಡಾ ಕ್ರಿಸ್ಮಸಿಗೆ ಬಂದಾಗ ಅವಳನ್ನೂ ಕೇಳುತ್ತದೆ. ಈ ವಿಷಯ ತೆಗೆಯಬೇಡ ಎಂದು ನೀವು ಒಮ್ಮೆ ಹೇಳಿಯೂ ಇದ್ದೀರಿ. ಹಾಗಾಗಿ ಈ ಹಾಳೆಗಳನ್ನು ತೆಗೆದುಕೊಂಡು ನಾಳೆ ಚರ್ಚಿನ ಪೂಜೆ ಮುಗಿಸಿ ನೀವು ಬರುವ ಹೊತ್ತಿಗೆ ನಿಮ್ಮ ಜಗಲಿಯಲ್ಲಿ ಇರುತ್ತೇನೆ. ನಾನೇ ಓದುತ್ತೇನೆ. ಓದಿ ಮುಗಿಸಿ ಕೇಳುತ್ತೇನೆ — ಬಾಯಮ್ಮ, ಭಾನುವಾರ ಇದನ್ನು ಹೇಳಲಾ? ಹೇಳು ಎಂದರೆ ಹೇಳುತ್ತೇನೆ. ಬೇಡ ಎಂದರೆ, ಆ ಸಲದ ಹಾಗೆ ಹ್ಞೂಂ ಎಂದು ಹೋಗಿ ಮರುದಿನ ನಿಮ್ಮ ಹೆಸರಿನಲ್ಲಿ ಎದ್ದು ನಿಲ್ಲುವುದಿಲ್ಲ.