ತೊಳೆದು ಕೊಟ್ಟ ಡಬ್ಬಿ

ನಮ್ಮ ಕಾಲೇಜಿನ ಸೇವಾ ಶಿಬಿರದ ವರದಿಯಲ್ಲಿ ಒಂದು ಸಾಲಿದೆ: ‘ನಾವು ಗೋಡೆಯನ್ನಷ್ಟೇ ಅಲ್ಲ, ಸ್ನೇಹವನ್ನೂ ಕಟ್ಟಿದೆವು.’ ಬರೆದವಳು ನಾನೇ. ಪ್ರಿನ್ಸಿಪಾಲರು ಅದನ್ನು ಸಭೆಯಲ್ಲಿ ಓದಿ ಚಪ್ಪಾಳೆ ಹೊಡೆಸಿದರು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕುಂಬಾರಕೊಪ್ಪಲಿನ ಒಂದು ಗಲ್ಲಿಯಲ್ಲಿ ತಾಯಿ, ಮಗಳು ಇಬ್ಬರೇ ಇದ್ದ ಹಳೆಯ ಮನೆ ಅದು. ಹಿಂದಿನ ಮಣ್ಣಿನ ಗೋಡೆ ಕುಸಿದು ಅಡುಗೆಮನೆ ಬಯಲಾಗಿತ್ತು. ಕಟ್ಟಿಕೊಡಲು ಹೋದವರು ನಾವು ಹತ್ತು ವಿದ್ಯಾರ್ಥಿಗಳು, ಒಬ್ಬರು ಮೇಸ್ತ್ರಿ. ಏಳು ದಿನದ ಕೆಲಸ. ಮಗಳಿಗೆ ನನ್ನದೇ ವಯಸ್ಸು, ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ನಮ್ಮ ಜೊತೆ ದುಡಿಯಲೆಂದೇ ರಜ ಹಾಕಿದ್ದಳು.

ಮೊದಲ ದಿನವೇ ನಾನು ಸಿಮೆಂಟ್ ಇಟ್ಟಿಗೆಗಳನ್ನು ಸಂದಿನ ಮೇಲೆ ಸಂದು ಬರುವಂತೆ ನೀಟಾಗಿ ಜೋಡಿಸಿದೆ. ಮೇಸ್ತ್ರಿ ಕಾಲಲ್ಲಿ ಒದ್ದು ಬೀಳಿಸಿದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಿಮ್ಮ ಕುವೆಂಪುನಗರದಲ್ಲಿ ಗೋಡೆ ಹಿಂಗೇ ಕಟ್ತಾರೇನೇ? ಕೆಳಗಿನ ಸಂದಿನ ಮೇಲೆ ಇಡೀ ಇಟ್ಟಿಗೆ ಕೂರಬೇಕು ಕಣೇ. ಇಲ್ದಿದ್ರೆ ಬಿರುಕು ಬುಡ್ತದೆ.”

ಅವತ್ತಿನಿಂದ ಅವಳು ಗಾರೆ ಹಾಕುವುದು, ನಾನು ಇಟ್ಟಿಗೆ ಇಡುವುದು. ಮಧ್ಯಾಹ್ನ ಮರಳಿನ ಗುಡ್ಡೆಯ ಮೇಲೆ ಕೂತು, ನನ್ನಮ್ಮ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿಯಿಂದ ಇಬ್ಬರೂ ಉಪ್ಪಿಟ್ಟು ತಿಂದೆವು. ಏಳು ದಿನವೂ ಹಾಗೆಯೇ ಒಂದೇ ಡಬ್ಬಿ. ನನ್ನ ದೊಡ್ಡ ಮನಸ್ಸನ್ನು ನಾನೇ ಮೆಚ್ಚಿಕೊಂಡಿದ್ದೆ. ಜಾತಿ ಗೀತಿ ಎಲ್ಲ ಹಳೇ ಕಾಲದ್ದು ಎಂದು ಅವಳಿಗೆ ಭಾಷಣವನ್ನೂ ಬಿಗಿದೆ. ಅವರ ಮನೆಯ ನೀರು ಮಾತ್ರ ಕುಡಿಯಲಿಲ್ಲ, ಬಾಟಲಿ ಒಯ್ದಿದ್ದೆ. “ನಮ್ಮದು ಮಠದ ಭಕ್ತರ ಮನೆ. ಕೊಟ್ಟು ಬಾ, ತಿಂದು ಬರಬೇಡ” ಎಂದು ಅಮ್ಮ ಮೊದಲೇ ಹೇಳಿದ್ದರು. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ ಅಂತಾರಲ್ಲ, ನಾನು ಅಂಥವಳು. ಕೊನೆಯ ದಿನ ಡಬ್ಬಿ ಅಲ್ಲೇ ಮರೆತು ಬಂದೆ.

ಎರಡು ವಾರ ಕಳೆದ ಮೇಲೆ ಅವಳ ಫೋನ್ ಬಂತು. “ಸೋಮವಾರ ಹಾಲು ಉಕ್ಕಿಸ್ತೀವಿ. ಕಟ್ಟಿದೋರಿಗೆ ಮೊದಲ ಎಲೆ ನಮ್ಮಲ್ಲಿ. ಮೇಸ್ತ್ರಿಗೊಂದು, ನಿಂಗೊಂದು. ನೀವು ಉಣ್ಣೋವರೆಗೂ ನಾನು, ಅವ್ವ ಉಣ್ಣಂಗಿಲ್ಲ. ತಪ್ಪದೆ ಬಾ ಕಣೇ.”

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ವರದಿಗೆ ಒಂದು ಫೋಟೋ ಬೇಕಿತ್ತು. ಹೋದೆ.

ನಾವು ಕಟ್ಟಿದ ಗೋಡೆಗೆ ತಾಗಿದಂತೆ ಎರಡು ಬಾಳೆಲೆ ಹಾಸಿದ್ದರು. ಮೇಸ್ತ್ರಿ ಆಗಲೇ ಕೂತಿದ್ದರು. ನಾನು ಕೇಳುವ ಮೊದಲೇ ಅವಳ ತಾಯಿ ಹೇಳಿದರು: “ಹೊಸ ಪಾತ್ರೇಲೇ ಮಾಡಿದ್ದೀವಿ ಕಣವ್ವ. ಒಂದು ವಾರದಿಂದ ಈ ಮನೇಲಿ ಮೊಟ್ಟೇನೂ ಒಡೆದಿಲ್ಲ.”

ಅವರಿಗೆ ಎಲ್ಲವೂ ಗೊತ್ತಿತ್ತು. ನನ್ನ ಬಾಟಲಿಯೂ ಗೊತ್ತಿತ್ತು. ಅಷ್ಟಾದರೂ ನಾನು ಕೂರಲಿಲ್ಲ.

“ಇವತ್ತು ಸೋಮವಾರ. ನನಗೆ ಉಪವಾಸ” ಎಂದೆ.

ಅವಳ ಕೈಯಲ್ಲಿ ಹುಳಿಯ ಸೌಟಿತ್ತು. “ಶಿಬಿರ ಶುರುವಾಗಿದ್ದೂ ಸೋಮವಾರಾನೇ ಅಲ್ವಾ?” ಎಂದಳು. “ಅವತ್ತು ಉಪ್ಪಿಟ್ಟು ತಿಂದ್ವಲ್ಲ.”

“ಈಗ ಹೊಸದಾಗಿ ಹಿಡಿದಿದ್ದೀನಿ.”

ಮೇಸ್ತ್ರಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ತಾಯಿ ಗಡಿಬಿಡಿಯಲ್ಲಿ ಒಂದು ಬಾಳೆಹಣ್ಣು ತಂದು, “ಹಣ್ಣಿಗೆ ದೋಷ ಇಲ್ಲ, ತಗೋ ನನ್ನವ್ವ” ಎಂದು ಕೈಗಿಟ್ಟರು. ಹಣ್ಣು ಹಿಡಿದು ನಗುತ್ತಾ ಫೋಟೋ ತೆಗೆಸಿಕೊಂಡೆ. ಗಲ್ಲಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಕಸದ ಬಳಿ ನಿಂತಿದ್ದ ಹಸುವಿಗೆ ಆ ಹಣ್ಣು ತಿನ್ನಿಸಿದೆ. ಸಿಪ್ಪೆ ಸಮೇತ.

ಹಿಂದಿನಿಂದ ಓಡಿ ಬಂದ ಸದ್ದಾಯಿತು. ಅವಳು ನನ್ನ ಡಬ್ಬಿ ಹಿಡಿದು ನಿಂತಿದ್ದಳು. ಹಸುವನ್ನು ನೋಡಿದಳು, ಆಮೇಲೆ ನನ್ನನ್ನು.

ನಮ್ಮ ಕಡೆ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿರುತ್ತಾರೆ.

“ಏನೂ ಹಾಕಿಲ್ಲ ಕಣ್ರೀ” ಎಂದಳು. “ತೊಳೆದಿದ್ದೀನಿ. ನಿಮ್ಮನೇಲಿ ಇನ್ನೊಂದ್ಸಲ ತೊಳ್ಕೊಳ್ಳಿ.”

ಆ ದಿನ ತಾಯಿ, ಮಗಳು ಎಷ್ಟು ಹೊತ್ತಿಗೆ ಉಂಡರೋ, ಉಂಡರೋ ಇಲ್ಲವೋ, ನಾನು ಯಾವತ್ತೂ ಕೇಳಲಿಲ್ಲ. ಮನೆಗೆ ಬಂದಾಗ ಅಮ್ಮ ಡಬ್ಬಿಯನ್ನು ಒಳಗೆ ತರಬೇಡ, ಹಿತ್ತಲ ನಲ್ಲಿಯ ಕೆಳಗಿಡು ಎಂದರು. ಇಟ್ಟೆ. ನಲ್ಲಿ ತಿರುಗಿಸಿ ತೊಳೆದವಳೂ ನಾನೇ. ಆಮೇಲೆ ಕೈ ಒರೆಸಿಕೊಂಡು ವರದಿ ಬರೆಯಲು ಕೂತೆ.